ಎರಡು ಹಲ್ಲು ಕಡಿಮೆ

ಜೂನ್ 2, ಭಾನುವಾರ

ಮದುವೆಯಾಗಿ ಇಂದಿಗೆ ಹದಿನಾರು ದಿನ, ಎಂಟು ಗಂಟೆ. ದಾರಿಯಲ್ಲಿ ಕಾರು ಕೆಡದೇ ಇದ್ದಿದ್ದರೆ ನಿಮಿಷಗಳನ್ನೂ ಬರೆಯುತ್ತಿದ್ದೆ.

ಎಂಥ ಮಧುಚಂದ್ರ! ಎಂಥ ಬೆಟ್ಟ, ಎಂಥ ಮೋಡ, ಎಂಥ ಗಂಡ! ನನ್ನ ರಾಜನಿಗೆ ಗೊತ್ತಿಲ್ಲದ ವಿಷಯವೇ ಇಲ್ಲ. ಮೋಡ ಹೇಗಾಗುತ್ತದೆ ಎಂದು ಅರ್ಧ ಗಂಟೆ ಹೇಳಿದರು. ಮೋಡ ಅಷ್ಟು ಹೊತ್ತು ನಿಲ್ಲಲಿಲ್ಲ, ಅದು ಮೋಡದ ದುರದೃಷ್ಟ.

ಕಾರು ನನ್ನ ಅಪ್ಪನದು, ಹದಿನೆಂಟು ವರ್ಷದ ಹಳೆಯದು. ನಾನು ಓಡಿಸಲು ಕಲಿತದ್ದು ಅದರಲ್ಲೇ. ಮದುವೆಯ ಮಾರನೆಯ ದಿನ ಅಪ್ಪ ಕೀಲಿಯನ್ನು ನನ್ನ ಕೈಯಲ್ಲಿಟ್ಟು, "ಬಿಸಿ ತೋರ್ಸೋ ಸೂಜಿ ನೋಡ್ತಾ ಇರು ಮಗಳೇ, ಅದು ಸುಳ್ಳು ಹೇಳಲ್ಲ" ಎಂದಿದ್ದರು. ಇವತ್ತು ಬೆಟ್ಟದ ಏರಿನಲ್ಲಿ ಸೂಜಿ ಕೆಂಪಿಗೆ ಹೋಯಿತು. ರಾಜ ಓಡಿಸುತ್ತಿದ್ದರು. ನಾನು ತೋರಿಸಿದೆ. "ಹಳೇ ಗಾಡಿ ಸೂಜಿ ಹಾಗೇ ಬಂಗಾರ, ಸುಳ್ಳು ಹೇಳುತ್ತೆ" ಎಂದರು. ಪಾಲಿಟೆಕ್ನಿಕ್‌ನಲ್ಲಿ ಐದು ವರ್ಷದಿಂದ ಎಂಜಿನ್ ಪಾಠ ಹೇಳುವವರು ಅವರು. ನಾನೇನು ಹೇಳಲಿ? ಹಾಡು ಹಾಕಿದೆ.

ಆಮೇಲೆ ಬಾನೆಟ್ಟಿನಿಂದ ಎಷ್ಟು ಚಂದದ ಬಿಳಿ ಹಬೆ! ಮೋಡವೇ ನಮ್ಮನ್ನು ಹಿಂಬಾಲಿಸಿ ಬಂದಂತೆ. ಕಾರನ್ನು ಲಾರಿಯ ಹಿಂದೆ ಕಟ್ಟಿಸಿಕೊಂಡು, ಲಾರಿಯ ಮುಂದಿನ ಸೀಟಿನಲ್ಲಿ ಕೈ ಕೈ ಹಿಡಿದು ಕುಳಿತು ಬಂದೆವು. ಡ್ರೈವರ್ ಎರಡು ಸಲ "ಸೂಜಿ ನೋಡ್ಲಿಲ್ವಾ ಸಾರ್" ಎಂದು ಕೇಳಿದ. ಕೆಲವರಿಗೆ ನವದಂಪತಿಗಳ ಜೊತೆ ಏನು ಮಾತಾಡಬೇಕೆಂದೇ ತಿಳಿಯದು.

ಜೂನ್ 4, ಮಂಗಳವಾರ

ರಾಜ ಎಂಜಿನ್ ಬಿಚ್ಚಿದರು. ಹೊಸ ಸ್ಪ್ಯಾನರ್ ಪೆಟ್ಟಿಗೆ ತಂದಿದ್ದಾರೆ, ನೂರ ಇಪ್ಪತ್ತು ತುಂಡಿನದು, ಒಡವೆ ಪೆಟ್ಟಿಗೆಯ ಹಾಗೆ ಒಳಗೆಲ್ಲ ಮಖಮಲ್ಲು. ಎಂಜಿನ್ನಿನ ತಲೆ, ಅಂದರೆ ಹೆಡ್ಡು, ಬಿಸಿಗೆ ಬಿರುಕು ಬಿಟ್ಟಿದೆಯಂತೆ. ಬೇರೆ ಹೆಡ್ಡು ತಂದು ತಾವೇ ಕೂರಿಸುತ್ತಾರಂತೆ. ಬೀದಿಯ ತುದಿಯಲ್ಲೇ ಗ್ಯಾರೇಜಿದೆ. ಆದರೆ ಅದರ ಮಾಲೀಕ ರಾಜನ ಹಳೆಯ ವಿದ್ಯಾರ್ಥಿ, ಎಂಜಿನ್ ಪೇಪರಿನಲ್ಲಿ ಇವರು ಎರಡು ಸಲ ಫೇಲು ಮಾಡಿದವನು. ಅವನ ಮುಂದೆ ಹೋಗಿ ನಿಲ್ಲುವುದುಂಟೇ?

ಮನೆಯ ವಿಷಯ ಬರೆದೇ ಇಲ್ಲ. ಮಾವ ನಿವೃತ್ತರಾಗುವವರೆಗೆ ಸರ್ಕಾರಿ ಕಚೇರಿಯೊಂದರ ದಾಖಲೆ ಕೋಣೆಯನ್ನು ನೋಡಿಕೊಳ್ಳುತ್ತಿದ್ದರು. ಕಚೇರಿ ಅವರನ್ನು ಬಿಟ್ಟಿದೆ, ಅವರು ಕಚೇರಿಯನ್ನು ಬಿಟ್ಟಿಲ್ಲ. ಹಜಾರದಲ್ಲಿ ಕಬ್ಬಿಣದ ಬೀರು. ಅದರಲ್ಲಿ ಮಿಕ್ಸಿಗೊಂದು ಫೈಲು, ನೀರಿನ ಪಂಪಿಗೊಂದು, ಅತ್ತೆಯ ಕನ್ನಡಕಕ್ಕೊಂದು. ನಿನ್ನೆ ನನ್ನ ಅಂಕಪಟ್ಟಿ, ರಕ್ತದ ಗುಂಪು ಎಲ್ಲ ಕೇಳಿ ನನಗೂ ಒಂದು ತೆರೆದರು. ಮನೆಗೆ ಬಂದ ತಾರೀಖಿನ ಪ್ರಕಾರ ಜೋಡಿಸುವುದಂತೆ. ಹಾಗಾಗಿ ನಾನು ಹೊಸ ಇಸ್ತ್ರಿಪೆಟ್ಟಿಗೆಯ ಪಕ್ಕ. ಎಷ್ಟು ಆತ್ಮೀಯತೆ!

(ಈ ದಿನಚರಿಯನ್ನು ಇಂಗ್ಲಿಷಿನಲ್ಲಿ ಬರೆದರೆ ಮಾವ ಓದಿ, ತಪ್ಪು ತಿದ್ದಿ, ಫೈಲಿಗೆ ಸೇರಿಸುತ್ತಾರೆ. ಶಾಲೆಯಲ್ಲಿ ಪೂರಾ ಇಂಗ್ಲಿಷಿನಲ್ಲೇ ಓದಿದ ನನ್ನ ಕನ್ನಡ ಅಕ್ಷರವನ್ನು ದೇವರೂ ಓದಲಾರ. ಬೀಗವೇ ಬೇಡ.)

ಅತ್ತೆಗೆ ಎಡಗಿವಿ ಕೇಳಿಸುವುದಿಲ್ಲ, ಪಾಪ. ಮಾವ ಏನಾದರೂ ಹೇಳಬೇಕಾದರೆ ಎದ್ದು ಅವರ ಬಲಕ್ಕೆ ಹೋಗಬೇಕು. ಮಾವ ಅಲ್ಲಿಗೆ ಮುಟ್ಟುವಷ್ಟರಲ್ಲಿ ಅತ್ತೆ ಯಾವುದೋ ಕೆಲಸಕ್ಕೆ ಆ ಕಡೆ ತಿರುಗಿರುತ್ತಾರೆ. ಮತ್ತೆ ಎಡಗಿವಿಯೇ ಎದುರಾಗುತ್ತದೆ.

ಮುಖ್ಯ ವಿಷಯ ಕೊನೆಗೆ: ಕೆಲಸದ ಪತ್ರ ಬಂತು! ಪಕ್ಕದ ಪಟ್ಟಣದ ಕಿವಿ ಆಸ್ಪತ್ರೆಯಲ್ಲಿ ಕಿವಿ ಪರೀಕ್ಷೆ ಮಾಡುವ ಕೆಲಸ. ನಾನು ಓದಿದ್ದೇ ಅದನ್ನು. ಜೂನ್ 24, ಸೋಮವಾರ, ಬೆಳಗ್ಗೆ ಎಂಟೂವರೆಗೆ ಹಾಜರಿರಬೇಕು. ಹಾಜರಾಗದಿದ್ದರೆ ಪಟ್ಟಿಯಲ್ಲಿರುವ ಮುಂದಿನವರಿಗೆ. ನಲವತ್ತೆರಡು ಕಿಲೋಮೀಟರ್, ಮೊದಲ ಬಸ್ಸು ಅಲ್ಲಿ ಮುಟ್ಟುವುದೇ ಹತ್ತಕ್ಕೆ. ಅಂದರೆ ಕಾರೇ ಗತಿ.

ರಾಜ ನಕ್ಕರು. "ಇಪ್ಪತ್ತು ದಿನ ಇದೆಯಲ್ಲೇ. ನಂಗೆ ಐದು ಸಾಕು."

ಜೂನ್ 8, ಶನಿವಾರ

ಹೆಡ್ಡು ಸಿಕ್ಕಿತು! ಊರ ಹೊರಗೆ ಒಂದು ಗುಜರಿ ಅಂಗಡಿ. ಕಾರುಗಳ ಅಸ್ಥಿಪಂಜರಗಳ ನಡುವೆ ಕುರ್ಚಿ ಹಾಕಿ ಕುಳಿತಿರುವ ದಪ್ಪನೆಯ ಹೆಂಗಸನ್ನು ಎಲ್ಲರೂ ಗುಜರಿ ಅಕ್ಕ ಎನ್ನುತ್ತಾರೆ. ಒಂದು ಕೈಯಲ್ಲಿ ಸ್ಪ್ಯಾನರು. ಅದರಲ್ಲೇ ಬೋಲ್ಟು ಬಿಚ್ಚುತ್ತಾಳೆ, ಅದರಲ್ಲೇ ಬೆನ್ನು ಕೆರೆದುಕೊಳ್ಳುತ್ತಾಳೆ.

ನಮ್ಮ ಕಾರಿನ ನಂತರದ ಮಾದರಿಯ ಹೆಡ್ಡೊಂದನ್ನು ತೋರಿಸಿದಳು. ನಮ್ಮ ಎಂಜಿನ್ನಿನ ಬುಡಕ್ಕೆ, ಅಂದರೆ ಬ್ಲಾಕಿಗೆ, ಕೂರುತ್ತದಂತೆ. ರಾಜ ಅವಳಿಗೆ ಎಂಜಿನ್ ಹೇಗೆ ಕೆಲಸ ಮಾಡುತ್ತದೆ ಎಂದು ವಿವರಿಸಿದರು. ಅವಳು ಪೂರ್ತಿ ಕೇಳಿ, "ಹೌದಾ ಸಾರ್" ಎಂದಳು. ಎಷ್ಟು ವಿನಯ! ಅವರು ಹೆಡ್ಡಿನ ಫೋಟೋ ತೆಗೆಯಲು ಹೋದಾಗ ನನ್ನ ಕಡೆ ತಿರುಗಿದಳು.

"ನೋಡಮ್ಮಾ, ಈ ಹೆಡ್ಡು ಹಳೇದಕ್ಕಿಂತ ಒಂಚೂರು ಎತ್ತರ. ಟೈಮಿಂಗ್ ಬೆಲ್ಟ್ ಹಳೇ ಅಳತೇದು ಹಾಕ್ಬೇಡಿ. ಎರಡು ಹಲ್ಲು ಜಾಸ್ತಿ ಇರೋದೇ ಬೇಕು. ಸಾರ್‌ಗೆ ಹೇಳು, ನಾ ಹೇಳಿದ್ರೆ ಮತ್ತೆ ಪಾಠ ಮಾಡ್ತಾರೆ."

ಟೈಮಿಂಗ್ ಬೆಲ್ಟು ಎಂದರೆ ಎಂಜಿನ್ನಿನ ಕೆಳಗಿನ ಚಕ್ರವನ್ನು ತಲೆಯ ಮೇಲಿನ ಚಕ್ರಕ್ಕೆ ಜೋಡಿಸುವ ರಬ್ಬರ್ ಪಟ್ಟಿ, ಒಳಮೈಯಲ್ಲಿ ಸಾಲು ಹಲ್ಲು. ಕೆಳಗಿನದು ಎರಡು ಸುತ್ತು ಸುತ್ತಿದರೆ ಮೇಲಿನದು ಒಂದು ಸುತ್ತಂತೆ. ದಾಂಪತ್ಯದ ಹಾಗೆ, ಎಂದು ರಾಜ ಕಣ್ಣು ಹೊಡೆದರು. ಯಾರು ಮೇಲಿನದು ಎಂದು ಹೇಳಲಿಲ್ಲ.

ಬರುವಾಗ ಅಕ್ಕನ ಮಾತು ಹೇಳಿದೆ. ನನ್ನ ಮೂಗು ಹಿಂಡಿ, "ಗುಜರಿಯವಳ ಹತ್ರ ಎಂಜಿನಿಯರಿಂಗ್ ಕಲಿತು ಬಂದ್ಯಾ" ಎಂದರು. ನಾನೂ ನಕ್ಕೆ. ಮೂಗು ಹಿಂಡಿಸಿಕೊಂಡು ನಗುವುದು ಕಷ್ಟ, ಆದರೆ ಅಭ್ಯಾಸವಾಗುತ್ತದೆ.

ಜೂನ್ 12, ಬುಧವಾರ

ಬೆಲ್ಟು ಬಂತು. ಅದು ಬಂದ ಬಗೆ ಬರೆಯಲೇಬೇಕು.

ಈ ಮನೆಯಲ್ಲಿ ಏನನ್ನೇ ತರಬೇಕಾದರೂ ಮೊದಲು ಫೈಲು ಹೊರಗೆ ಬರುತ್ತದೆ. ಮಾವ ಕಾರಿನ ನೋಂದಣಿ ಪುಸ್ತಕ ತೆಗೆದು, ಕಾರು ಹುಟ್ಟಿದ ಇಸವಿಯನ್ನು ಚೀಟಿಯಲ್ಲಿ ಬರೆದರು. ಅಪ್ಪ ಮಗ ಇಬ್ಬರೂ ಚೀಟಿ ಹಿಡಿದು ಅಂಗಡಿಗೆ ಹೋದರು. "ಹೆಡ್ ಯಾವುದು" ಎಂದು ಅಂಗಡಿಯವನು ಕೇಳಿದನಂತೆ. ಮಾವ ಪುಸ್ತಕ ಮುಂದಿಟ್ಟು, "ಇದರಲ್ಲಿ ಏನಿದೆಯೋ ಅದನ್ನ ಕೊಡಪ್ಪ" ಎಂದರಂತೆ. ಪುಸ್ತಕದಲ್ಲಿ ಹೊಸ ಹೆಡ್ಡಿನ ಸುದ್ದಿ ಎಲ್ಲಿಂದ ಬರಬೇಕು? ಅದು ನಮ್ಮ ಮನೆಗೆ ಬಂದು ನಾಲ್ಕು ದಿನವಷ್ಟೇ.

ಹೊಸ ಬೆಲ್ಟನ್ನು ಬಿಚ್ಚಿದ ಹಳೆಯ ಬೆಲ್ಟಿನ ಪಕ್ಕ ಇಟ್ಟು ನೋಡಿದರು. ಕೂದಲಿನಷ್ಟೂ ವ್ಯತ್ಯಾಸವಿಲ್ಲ. ನೂರ ಹನ್ನೊಂದು ಹಲ್ಲು, ನೂರ ಹನ್ನೊಂದು ಹಲ್ಲು. ಇಬ್ಬರಿಗೂ ಎಷ್ಟು ಸಂತೋಷ! ಮಾವ ಬಿಲ್ಲನ್ನು ಫೈಲಿಗೆ ಸೇರಿಸಿ, ಬೆಲ್ಟಿನ ಬೆನ್ನಿನ ಮೇಲೆ ಅಚ್ಚಾಗಿದ್ದ ಸಂಖ್ಯೆಯನ್ನು ರಿಜಿಸ್ಟರಿನಲ್ಲಿ ಬರೆದುಕೊಂಡರು. ಭಾಗದ ಹೆಸರು, ಸಂಖ್ಯೆ, ತಾರೀಖು, ಅಳವಡಿಸಿದವರು ಎಂದು ನಾಲ್ಕು ಕಾಲಮುಗಳು. ಕೊನೆಯದರಲ್ಲಿ ಮಗನ ಹೆಸರನ್ನು ಅಳವಡಿಸುವ ಮೊದಲೇ ಬರೆದಿಟ್ಟರು. ತಂದೆಯ ನಂಬಿಕೆ ಎಂದರೆ ಅದು.

ಹಳೆಯ ಹೆಡ್ಡಿಗೆ ಸರಿಯಾಗಿದ್ದ ಬೆಲ್ಟಿನಷ್ಟೇ ಉದ್ದ ಎಂದರೆ ಹೊಸ ಹೆಡ್ಡಿಗೆ ಎರಡು ಹಲ್ಲು ಕಡಿಮೆ ಎಂದೇ ಆಯಿತಲ್ಲ, ಎಂದು ನನಗೆ ಹೊಳೆಯಿತು. ಇಬ್ಬರೂ ಅಷ್ಟು ಖುಷಿಯಲ್ಲಿದ್ದಾಗ ಹೇಳಲು ಮನಸ್ಸು ಬರಲಿಲ್ಲ.

ಜೂನ್ 13, ಗುರುವಾರ

ಹೆಡ್ಡು ಕೂತಿತು. ಹತ್ತು ಬೋಲ್ಟು; ನಡುವಿನಿಂದ ಶುರುಮಾಡಿ ಹೊರಕ್ಕೆ ಬಿಗಿಯುತ್ತಾ ಬರಬೇಕೆಂದು ರಿಪೇರಿ ಪುಸ್ತಕದಲ್ಲಿದೆ. ನಾನು ಓದಿ ಹೇಳುವುದು, ಇವರು ಬಿಗಿಯುವುದು. ಎರಡು ಸಲ ಹೊರಗಿನಿಂದ ಶುರುಮಾಡಿದರು. ಎರಡು ಸಲ ಕೆಮ್ಮಿದೆ. "ಶೀತ ಆಯ್ತಾ" ಎಂದರು.

ಜೂನ್ 15, ಶನಿವಾರ

ಬೆಲ್ಟು ಹಾಕುವ ದಿನ. ಬೆಳಗ್ಗೆ ಒಂಬತ್ತಕ್ಕೆ ಶುರು. ಕೆಳಗಿನ ಚಕ್ರದ ಗುರುತು ಕೆಳಗಿನ ಗುರುತಿಗೆ, ಮೇಲಿನದು ಮೇಲಿನ ಗುರುತಿಗೆ ಕೂಡಿಸಿ, ಬೆಲ್ಟನ್ನು ಜಾರಿಸಿ, ಟೆನ್ಷನರ್ ಎಂಬ ಪುಟ್ಟ ಉರುಳೆಯಿಂದ ಬಿಗಿ ಮಾಡಬೇಕು. ಟೆನ್ಷನರನ್ನು ಪೂರ್ತಿ ಸಡಿಲಿಸಿದರೂ ಬೆಲ್ಟು ಹತ್ತಲಿಲ್ಲ. ಇವರು ಎಳೆದರು. ಬಿಸಿನೀರಲ್ಲಿ ಅದ್ದಿ ಎಳೆದರು. ಸ್ಕ್ರೂಡ್ರೈವರಿನಿಂದ ಮೀಟಿದರು. ಅತ್ತೆ ಟಾರ್ಚು ಹಿಡಿದು, ಎಡಗಿವಿಯನ್ನು ಮಗನ ಕಡೆಗೆ ತಿರುಗಿಸಿ ನಿಂತಿದ್ದರು. ಇವರ ಬಾಯಿಂದ ಬಂದ ಮಾತುಗಳಿಗೆ ಅದೇ ಒಳ್ಳೆಯ ಕಿವಿ. ಹನ್ನೆರಡೂವರೆಗೆ ಬೆಲ್ಟು ಹತ್ತಿತು. ಗೆಣ್ಣಿನಲ್ಲಿ ರಕ್ತ, ಮುಖದಲ್ಲಿ ವಿಜಯ.

ಮೇಲಿನ ಗುರುತು ಒಂದು ಹಲ್ಲು ಹಿಂದೆ ನಿಂತಿತ್ತು.

ತೋರಿಸಿದೆ. ಸರಿಮಾಡಬೇಕಾದರೆ ಮತ್ತೆ ಬಿಚ್ಚಬೇಕು. ಇವರು ತಮ್ಮ ಗೆಣ್ಣು ನೋಡಿಕೊಂಡರು, ಗುರುತು ನೋಡಿದರು, ಮತ್ತೆ ಗೆಣ್ಣು ನೋಡಿಕೊಂಡರು. "ಒಂದು ಹಲ್ಲು ಅಂದ್ರೆ ಏನೂ ಅಲ್ಲ. ಪ್ರಾಕ್ಟಿಕಲ್‌ನಲ್ಲಿ ಇಷ್ಟು ಹೆಚ್ಚುಕಮ್ಮಿ ಇದ್ದೇ ಇರುತ್ತೆ." ಐದು ವರ್ಷದಲ್ಲಿ ಎಷ್ಟು ವಿದ್ಯಾರ್ಥಿಗಳಿಗೆ ಇವರು ಹೀಗೆ ಒಂದು ಹಲ್ಲು ಬಿಟ್ಟುಕೊಟ್ಟಿದ್ದಾರೋ. ಗ್ಯಾರೇಜಿನವನಿಗಂತೂ ಬಿಟ್ಟುಕೊಟ್ಟಿಲ್ಲ.

ಸುಮ್ಮನೆ ಬೆಲ್ಟನ್ನು ಬೆರಳಿನಿಂದ ಮಿಡಿದೆ. ಟಿಣ್ ಎಂದಿತು. ರಬ್ಬರಿನ ಪಟ್ಟಿ ಗಂಟಲಿನಿಂದ ಮಾತಾಡಬೇಕು, ಇದು ಮೂಗಿನಿಂದ ಕಿರುಚಿತು. ತುಂಬಾ ಬಿಗಿಯಾಯಿತು ಎಂದೆ. "ಕಿವಿ ಪರೀಕ್ಷೆ ಮನುಷ್ಯರಿಗೆ ಮಾಡು ಬಂಗಾರ, ಎಂಜಿನ್‌ಗೆ ಬೇಡ." ಮಾವ ನಕ್ಕರು. ಇವರೂ ನಕ್ಕರು. ನನಗೆ ನಗು ಬರಲು ಸ್ವಲ್ಪ ತಡವಾಯಿತು. ಅಷ್ಟರಲ್ಲಿ ಅವರಿಬ್ಬರದೂ ಮುಗಿದಿತ್ತು.

ಶುಕ್ರವಾರದವರೆಗೆ ಇವರಿಗೆ ಪರೀಕ್ಷೆಯ ಕೆಲಸ. ಬರುವ ಶನಿವಾರ ಎಂಜಿನ್ ಶುರುಮಾಡುತ್ತಾರಂತೆ. ವಿದ್ಯಾರ್ಥಿಗಳಿಗೆ ತೋರಿಸಲು ವೀಡಿಯೋ ಬೇರೆ.

ಜೂನ್ 16, ಭಾನುವಾರ

ಮಾವ ನನಗೊಂದು ಪತ್ರ ಬರೆದುಕೊಟ್ಟರು. ನನ್ನ ಪರವಾಗಿ, ಆಸ್ಪತ್ರೆಗೆ. "ಅನಿವಾರ್ಯ ಕೌಟುಂಬಿಕ ಕಾರಣಗಳಿಂದ" ಒಂದು ತಿಂಗಳು ಬಿಟ್ಟು ಹಾಜರಾಗಲು ಅನುಮತಿ ಕೋರಿ. ಎಂಥ ಭಾಷೆ, ಎಂಥ ಅಕ್ಷರ! ಸಹಿಯೊಂದು ಹಾಕಿದರೆ ಸಾಕು. "ಗಾಡಿ ತಡ ಆದ್ರೆ ಕೈಯಲ್ಲಿ ಒಂದು ಕಾಗದ ಇರ್ಲಿ" ಎಂದರು. ಮುಂದಿನವರಿಗೆ ಕೆಲಸ ಹೋಗುತ್ತದೆ ಎಂದೆ. "ಅವರಿಗೂ ಮನೆ ಮಠ ಇರುತ್ತಲ್ಲಮ್ಮ" ಎಂದರು. ಸಹಿ ಹಾಕದ ಪತ್ರ ನನ್ನ ಫೈಲಿಗೆ ಹೋಯಿತು.

ಕೌಟುಂಬಿಕ ಕಾರಣ ಎಂದರೆ ಒಂದು ರಬ್ಬರ್ ಪಟ್ಟಿ.

ಜೂನ್ 17, ಸೋಮವಾರ

ಇಂದಿನದನ್ನು ನನ್ನ ಅಕ್ಷರದಲ್ಲಿ ಬರೆಯಲೂ ಹೆದರಿಕೆ.

ಇವರು ಕಾಲೇಜಿಗೆ, ಮಾವ ಪಿಂಚಣಿ ಕಚೇರಿಗೆ ಹೋಗಿದ್ದರು. ಅಭ್ಯಾಸ ತಪ್ಪಬಾರದೆಂದು ಓದುವ ಕಾಲದ ನನ್ನ ಪುಟ್ಟ ಕಿವಿ ಪರೀಕ್ಷೆಯ ಯಂತ್ರ ತೆಗೆದೆ. ಅತ್ತೆ ಬಂದು, "ನಂಗೂ ಮಾಡೇ" ಎಂದು ತಾವಾಗಿಯೇ ಕುರ್ಚಿಯಲ್ಲಿ ಕುಳಿತರು. ಹೆಡ್‌ಫೋನು ಹಾಕಿದೆ. ಸದ್ದು ಕೇಳಿದಾಗ ಬೆರಳೆತ್ತಬೇಕು. ಬಲಗಿವಿ ಚೆನ್ನಾಗಿತ್ತು. ಎಡಗಿವಿಗೆ ದೊಡ್ಡ ಸದ್ದಿನಿಂದ ಶುರುಮಾಡಿದೆ. ಬೆರಳೆತ್ತಿದರು. ಕಡಿಮೆ ಮಾಡಿದೆ, ಎತ್ತಿದರು. ಇನ್ನೂ ಕಡಿಮೆ. ನನಗೇ ಕೇಳಿಸದಷ್ಟು ಕಡಿಮೆ. ಬೆರಳು ಎದ್ದಿತು. ಇಪ್ಪತ್ತು ವರ್ಷದ ಹುಡುಗಿಯ ಕಿವಿ!

ಯಂತ್ರ ಕೆಟ್ಟಿದೆ ಎಂದುಕೊಂಡು ಇನ್ನೊಮ್ಮೆ ಮಾಡಿದೆ. ಅತ್ತೆ ಹೆಡ್‌ಫೋನು ತೆಗೆದು ಮಡಿಲಲ್ಲಿಟ್ಟುಕೊಂಡರು.

"ಮೂವತ್ತು ವರ್ಷ ಆಯ್ತು," ಎಂದರು. "ಒಂದ್ಸಲ ನೆಗಡಿಯಾಗಿ ಎರಡು ದಿನ ನಿಜವಾಗ್ಲೂ ಕೇಳಿಸ್ಲಿಲ್ಲ. ಮನೆ ಎಷ್ಟು ಚೆನ್ನಾಗಿತ್ತು ಗೊತ್ತಾ. ಹಾಗೇ ಇಟ್ಕೊಂಡೆ."

ನಾನು ಯಂತ್ರ ಆರಿಸಿದೆ.

"ಮೊನ್ನೆ ನೀ ಬೆಲ್ಟ್ ಮಿಡಿದ್ಯಲ್ಲ. ನಂಗೂ ಕೇಳಿಸ್ತು. ಕಿತ್ಕೊಂಡು ಹೋಗೋ ಸದ್ದು ಅದು."

ಮೂವತ್ತು ವರ್ಷ! ಮಾವನ ಬೀರುವಿನಲ್ಲಿ "ಪತ್ನಿ, ಎಡಗಿವಿ" ಎಂಬ ಫೈಲೇ ಇದೆ. ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಅತ್ತೆ ನಕ್ಕರು, ಅದಕ್ಕೆ ನಾನೂ ನಕ್ಕೆ. ಈ ಸಲ ತಡವಾಗಲಿಲ್ಲ.

ಜೂನ್ 18, ಮಂಗಳವಾರ

ಅತ್ತೆಯ ಜೊತೆ ಬಸ್ಸಿನಲ್ಲಿ ಗುಜರಿ ಅಕ್ಕನ ಹತ್ತಿರ ಹೋದೆ. ಮನೆಯಲ್ಲಿ ಹೇಳಿದ್ದು ಕನ್ನಡಕದ ಅಂಗಡಿಗೆ ಎಂದು. ಮಾವ ಫೈಲು ಕೊಟ್ಟು ಕಳುಹಿಸಿದರು.

ಹೊಲಿಗೆ ಪೆಟ್ಟಿಗೆಯ ಹಿಗ್ಗದ ದಾರವನ್ನು ಬೆಲ್ಟು ಸುತ್ತುವ ದಾರಿಯಲ್ಲೇ ಸುತ್ತಿ, ಅಳೆದು, ಗಂಟು ಹಾಕಿ ತಂದಿದ್ದೆ. ಅಕ್ಕ ಅದನ್ನು ಹಿಡಿದು ನೋಡಿ, "ಯಾರು ಅಳೆದಿದ್ದು" ಎಂದು ಕೇಳಿದಳು. ನಾನೆಂದೆ. ಸ್ಪ್ಯಾನರಿನಿಂದ ಬೆನ್ನು ಕೆರೆದುಕೊಂಡು ಒಳಗೆ ಹೋಗಿ ಹೊಸ ಡಬ್ಬಿಯೊಂದನ್ನು ತಂದಳು. ನೂರ ಹದಿಮೂರು ಹಲ್ಲು. ದಾರದ ಮೇಲೆ ಇಟ್ಟರೆ ಗಂಟಿಗೆ ಗಂಟು ಸರಿ.

ಇವರು ಹಾಕಿದ್ದನ್ನು ಹಾಗೆಯೇ ಬಿಟ್ಟು ಶುರುಮಾಡಿದರೆ ಏನಾಗುತ್ತದೆ ಎಂದು ಕೇಳಿದೆ. ಅಕ್ಕ ಎರಡು ಮುಷ್ಟಿಗಳನ್ನು ಒಂದರ ಮೇಲೊಂದು ಹಿಡಿದಳು. ಮೇಲಿನದು ಕೆಳಗೆ ಬರುವ ವಾಲ್ವು, ಕೆಳಗಿನದು ಮೇಲೆ ಬರುವ ಪಿಸ್ಟನ್. ಬೆಲ್ಟು ಇವೆರಡನ್ನೂ ಸರದಿಯಲ್ಲಿ ಇಡುತ್ತದೆ. ಅತಿ ಬಿಗಿಯಲ್ಲಿ ಬೆಲ್ಟಿನ ಹಲ್ಲು ಉದುರುತ್ತದೆ. ಉದುರಿದರೆ? ಮುಷ್ಟಿಗೆ ಮುಷ್ಟಿ ಗುದ್ದಿದಳು. "ಹೊಸ ಹೆಡ್ಡೂ ನಂಗೇ ವಾಪಸ್. ಈ ಸಲ ಕೆಜಿ ಲೆಕ್ಕದಲ್ಲಿ."

ಆಮೇಲೆ ಹೇಗೆ ಹಾಕುವುದೆಂದು ಒಂದು ಸತ್ತ ಎಂಜಿನ್ನಿನ ಮೇಲೆ ಮೂರು ಸಲ ಮಾಡಿಸಿದಳು. ಒಂದು ಪದ ಸಿದ್ಧಾಂತ ಹೇಳಲಿಲ್ಲ. ಮೂರನೆಯ ಸಲ ಅತ್ತೆಯೇ ಚಪ್ಪಾಳೆ ತಟ್ಟಿದರು.

ಇದನ್ನು ರಾತ್ರಿ ಊಟಕ್ಕೆ ಮೊದಲೇ ನಮ್ಮ ಪಾಲಿಟೆಕ್ನಿಕ್ ಮೇಷ್ಟ್ರಿಗೆ ಹೇಳಿಬಿಡೋಣ ಎಂದುಕೊಂಡಿದ್ದೆ. ಅವರು ವೀಡಿಯೋದಲ್ಲಿ ತಾವು ಹೇಳಬೇಕಾದ ಮಾತನ್ನು ಕನ್ನಡಿಯ ಮುಂದೆ ಅಭ್ಯಾಸ ಮಾಡುತ್ತಿದ್ದರು. ಬಿಟ್ಟೆ.

ಜೂನ್ 20, ಗುರುವಾರ

ಮೇಷ್ಟ್ರು ಕಾಲೇಜಿಗೆ. ಮಾವ ಮತ್ತೆ ಪಿಂಚಣಿ ಕಚೇರಿಗೆ; ಅಲ್ಲಿನವರು ಅವರ ಒಂದು ಕಾಗದ ಕಳೆದುಹಾಕಿದ್ದಾರೆ, ಈ ವಾರವೆಲ್ಲ ಅವರಿಗೆ ಹಬ್ಬ.

ಅತ್ತೆ ಸೆರಗು ಸಿಕ್ಕಿಸಿ ಟಾರ್ಚು ಹಿಡಿದರು. ಟೆನ್ಷನರ್ ಸಡಿಲಿಸಿ ಬಿಗಿ ಬೆಲ್ಟನ್ನು ತೆಗೆದೆ. ಆಗಲೇ ಅದರ ಮೂರು ಹಲ್ಲುಗಳ ಬುಡದಲ್ಲಿ ಬಿಳಿ ಗೆರೆ ಎದ್ದಿತ್ತು. ಎಂಜಿನ್ ಒಂದು ಸಲವೂ ತಿರುಗಿಲ್ಲ!

ಮೇಲಿನ ಚಕ್ರವನ್ನು ಗುರುತಿಗೆ ತರಲು ತಿರುಗಿಸಿದೆ.

"ನಿಲ್ಸು."

ನಿಲ್ಲಿಸಿದೆ. ನನಗೇನೂ ಕೇಳಿಸಿರಲಿಲ್ಲ. ಒಳಗೆ ಏನೋ ಏನಕ್ಕೋ ತಾಗಿತು, ಟಕ್ ಅಂತು ಎಂದರು ಅತ್ತೆ. ಆಗ ನೆನಪಾಯಿತು: ಬೆಲ್ಟು ಇಲ್ಲದಾಗ ಮೇಲಿನದನ್ನು ಮುಟ್ಟುವ ಮೊದಲು ಕೆಳಗಿನದನ್ನು ಕಾಲು ಸುತ್ತು ಹಿಂದಕ್ಕೆ ತಿರುಗಿಸಿ ಪಿಸ್ಟನ್‌ಗಳನ್ನೆಲ್ಲ ದಾರಿಯಿಂದ ಸರಿಸಬೇಕು ಎಂದು ಅಕ್ಕ ಮೂರು ಸಲ ಹೇಳಿದ್ದಳು. ಇನ್ನು ಬೆರಳಿನಷ್ಟು ತಿರುಗಿಸಿದ್ದರೆ ವಾಲ್ವು ಬಾಗುತ್ತಿತ್ತು. ಸ್ಟೂಲಿನ ಮೇಲೆ ಕುಳಿತೆ. ಅತ್ತೆ ನೀರು ತಂದುಕೊಟ್ಟು, "ನಿಧಾನಕ್ಕೆ ಮಾಡು. ನಂಗೆ ಕೇಳಿಸುತ್ತೆ, ಹೆದರ್ಬೇಡ" ಎಂದರು.

ಕೆಳಗಿನದನ್ನು ಹಿಂದಕ್ಕೆ ತಂದೆ. ಮೇಲಿನದನ್ನು ಗುರುತಿಗೆ, ಆಮೇಲೆ ಕೆಳಗಿನದನ್ನು ಗುರುತಿಗೆ. ಹೊಸ ಬೆಲ್ಟು ಎಳೆಯದೆ, ಮೀಟದೆ, ಬಳೆ ತೊಟ್ಟ ಹಾಗೆ ಹತ್ತಿತು. ಟೆನ್ಷನರ್ ಬಿಗಿದು ಎರಡು ಬೆರಳಲ್ಲಿ ತಿರುಚಿದೆ. ಅಕ್ಕ ಹೇಳಿದ್ದಂತೆ ಸರಿಯಾಗಿ ಕಾಲು ಸುತ್ತು. ಉದ್ದನೆಯ ಹಿಡಿಯಿಂದ ಎಂಜಿನ್ನನ್ನು ಕೈಯಲ್ಲೇ ಎರಡು ಸುತ್ತು ಸುತ್ತಿಸಿದೆ. ಅತ್ತೆ ಕಣ್ಣು ಮುಚ್ಚಿ, ಎಡಗಿವಿಯನ್ನೇ ಎಂಜಿನ್ನಿಗೆ ಹತ್ತಿರ ಹಿಡಿದು ಕೇಳಿದರು. ಎರಡು ಗುರುತುಗಳೂ ಮತ್ತೆ ತಮ್ಮ ತಮ್ಮ ಜಾಗಕ್ಕೆ ಬಂದು ಕುಳಿತವು. ಮಿಡಿದೆ. ದುಮ್ ಎಂದಿತು, ಗಂಟಲಿನಿಂದ.

ಬೆಲ್ಟಿನ ಪ್ಲಾಸ್ಟಿಕ್ ಮುಚ್ಚಳವನ್ನೂ ಹಾಕಿದೆ. ಕಳಚಿದ ಬೆಲ್ಟನ್ನು ಅತ್ತೆ ತೆಗೆದುಕೊಂಡು ಹೋದರು. ಎಲ್ಲಿಡುತ್ತೀರಿ ಎಂದು ಕೇಳಿದೆ. "ಈ ಮನೇಲಿ ವಸ್ತು ಎಲ್ಲಿಡ್ತಾರೋ ಅಲ್ಲಿ."

ಸಂಜೆ ಮೇಷ್ಟ್ರು ಮುಚ್ಚಳ ನೋಡಿ ಯಾರು ಹಾಕಿದ್ದೆಂದು ಕೇಳಿದರು. ಧೂಳು ಬೀಳುತ್ತಿತ್ತು, ನಾನೇ ಹಾಕಿದೆ ಎಂದೆ. ಹಣೆಗೆ ಮುತ್ತಿಟ್ಟು, "ಒಳ್ಳೇ ಅಸಿಸ್ಟೆಂಟ್" ಎಂದರು.

ಜೂನ್ 22, ಶನಿವಾರ

ಶುರುವಾಯಿತು. ಒಂದೇ ಸಲಕ್ಕೆ.

ಅದಕ್ಕೆ ಮೊದಲು ಹನ್ನೆರಡು ನಿಮಿಷದ ಭಾಷಣ. ಫೋನು ಹಿಡಿದದ್ದು ನಾನು. ಮೇಷ್ಟ್ರು ಕೀಲಿ ತಿರುಗಿಸಿದರು, ಎಂಜಿನ್ ಒಮ್ಮೆ ಗಂಟಲು ಸರಿಮಾಡಿಕೊಂಡು ಮೆಲ್ಲಗೆ ಮಾತಾಡತೊಡಗಿತು. ಅಪ್ಪನ ಕಾಲದಲ್ಲೂ ಅದು ಇಷ್ಟು ಸದ್ದಿಲ್ಲದೆ ಓಡಿದ್ದು ನನಗೆ ನೆನಪಿಲ್ಲ. ಫೋನಿನ ಕಡೆ ನೋಡಿ, "ಒಂದು ಹಲ್ಲು ಹೆಚ್ಚುಕಮ್ಮಿಯಾದ್ರೆ ಏನೂ ಆಗಲ್ಲ ಅನ್ನೋದಕ್ಕೆ ಇದೇ ಸಾಕ್ಷಿ" ಎಂದರು. ಮಾವ ಹಿಂದಿನಿಂದ, "ಪುಸ್ತಕದ ಪ್ರಕಾರ ತಂದದ್ದು" ಎಂದರು. ಫೋನು ಅಲುಗಾಡದಂತೆ ಹಿಡಿಯುವುದೇ ಕಷ್ಟವಾಯಿತು.

ಊಟಕ್ಕೆ ಕುಳಿತಾಗ ಮೇಷ್ಟ್ರು ಹೊಸದೊಂದು ತೆಗೆದರು. ಸೋಮವಾರದಿಂದ ಒಂದು ವಾರ ಕಾರನ್ನು ಕಾಲೇಜಿಗೆ ಒಯ್ಯುತ್ತಾರಂತೆ. ಎಂಜಿನ್ ಬಿಚ್ಚದೆ ವಿದ್ಯಾರ್ಥಿಗಳಿಗೆ ತೋರಿಸಬೇಕಂತೆ. ಪ್ರಾಂಶುಪಾಲರಿಗೂ ಹೇಳಿಯಾಗಿದೆಯಂತೆ.

ಸೋಮವಾರ ನನಗೆ ಎಂಟೂವರೆ ಎಂದೆ.

"ಅಪ್ಪ ಪತ್ರ ಬರೆದಿಟ್ಟಿದ್ದಾರಲ್ಲ. ಸಹಿ ಹಾಕು. ಒಂದು ತಿಂಗಳಲ್ಲಿ ಆಕಾಶ ಕೆಳಗೆ ಬೀಳುತ್ತಾ?"

ಮಾವ ಕೈತೊಳೆದು, ಪೆನ್ನು ತೆಗೆದು, ಬೀರುವಿನ ಹತ್ತಿರ ಹೋಗಿ, ಇಸ್ತ್ರಿಪೆಟ್ಟಿಗೆಯ ಪಕ್ಕದಿಂದ ನನ್ನ ಫೈಲು ಎಳೆದರು. ಅದು ಬಸುರಿಯ ಹೊಟ್ಟೆಯಷ್ಟು ಉಬ್ಬಿತ್ತು. ದಾರ ಬಿಚ್ಚಿದ್ದೇ ತಡ, ಪತ್ರದ ಜೊತೆ ಕಪ್ಪು ಬೆಲ್ಟೊಂದು ಪುಟಿದು ಊಟದ ಮೇಜಿನ ಮೇಲೆ ಬಿತ್ತು.

ಮಾವ ಕನ್ನಡಕ ಹಾಕಿಕೊಂಡು ಬೆಲ್ಟಿನ ಬೆನ್ನಿನ ಸಂಖ್ಯೆ ಓದಿದರು. ಕಾರಿನ ಫೈಲು ತಂದು ರಿಜಿಸ್ಟರಿನ ಜೊತೆ ತಾಳೆ ನೋಡಿದರು. ಬಿಲ್ಲಿನ ಜೊತೆ ಇನ್ನೊಮ್ಮೆ. ಮೂವತ್ತೈದು ವರ್ಷ ದಾಖಲೆಗಳ ನಡುವೆ ಬದುಕಿದವರು. ಸಂಖ್ಯೆಯ ಎದುರು ಮಗನಾದರೂ ಅಷ್ಟೇ, ಯಾರಾದರೂ ಅಷ್ಟೇ.

"ಇದು ನಾವು ತಂದ ಬೆಲ್ಟು," ಎಂದರು. "ಇದು ಇಲ್ಲಿದ್ರೆ, ಎಂಜಿನ್ನಲ್ಲಿ ಇರೋದು ಯಾವುದು?"

"ನೂರ ಹದಿಮೂರು ಹಲ್ಲಿಂದು ಮಾವ," ಎಂದೆ. "ಗುಜರಿ ಅಕ್ಕ ಹೇಳಿದ್ದು. ಗುರುವಾರ ಹಾಕಿದೆ. ಬೇಕಾದ್ರೆ ಮುಚ್ಚಳ ತೆಗೆದು ಎಣಿಸಿ."

ಮೇಷ್ಟ್ರು ಬೆಲ್ಟನ್ನು ಎತ್ತಿಕೊಂಡು ಬಾಗಿಸಿದರು. ಬಿಳಿ ಗೆರೆ ಎದ್ದಿದ್ದ ಹಲ್ಲುಗಳಲ್ಲಿ ಒಂದು ಕಿತ್ತು ಅವರ ಅನ್ನದ ಮೇಲೆ ಬಿತ್ತು. ಅವರು ಅದನ್ನೇ ತುಂಬಾ ಹೊತ್ತು ನೋಡಿದರು. ಪಾಪ ಅನ್ನಿಸಿತು. ನಿಜವಾಗಿಯೂ ಅನ್ನಿಸಿತು. ಆದರೆ ಮೊದಲಿನಂತೆ ಅವರ ಬದಲು ನಾನೇ ಏನಾದರೂ ಹೇಳಿ ನಗಿಸಬೇಕು ಎನ್ನಿಸಲಿಲ್ಲ.

ಮಾವ ಅತ್ತೆಯ ಕಡೆ ತಿರುಗಿ, "ನಿಂಗೆ ಗೊತ್ತಿತ್ತಾ ಇದು" ಎಂದು ಕೇಳಿದರು. ಅತ್ತೆ ಅನ್ನ ಕಲಸುತ್ತಾ, "ಏನಂದ್ರಿ? ಈ ಕಡೆ ಬಂದು ಹೇಳಿ" ಎಂದರು.

ಮಾವ ಹೋಗಲಿಲ್ಲ. ರಿಜಿಸ್ಟರು ತೆರೆದು ಹಳೆಯ ಸಾಲಿನ ಮೇಲೆ ಅಡಿಪಟ್ಟಿ ಇಟ್ಟು ಗೆರೆ ಎಳೆದರು. ಕೆಳಗೆ ಹೊಸ ಸಾಲು: ಬೆಲ್ಟು, ಸಂಖ್ಯೆ (ನಾನು ಡಬ್ಬಿ ತಂದುಕೊಟ್ಟೆ), ಜೂನ್ 20. "ಅಳವಡಿಸಿದವರು" ಎಂಬಲ್ಲಿ ಪೆನ್ನು ಸ್ವಲ್ಪ ಹೊತ್ತು ಗಾಳಿಯಲ್ಲಿ ನಿಂತಿತು. ಆಮೇಲೆ ನನ್ನ ಹೆಸರು ಬರೆದರು, ಪೂರ್ತಿ, ಅಪ್ಪನ ಹೆಸರಿನ ಮೊದಲಕ್ಷರದ ಜೊತೆ. ಬರೆದ ಮೇಲೆ ಒಂದು ಅಲ್ಪವಿರಾಮ ಹಾಕಿ ಅತ್ತೆಯನ್ನೇ ನೋಡುತ್ತಾ ಕಾದರು.

ಅತ್ತೆ ಮಜ್ಜಿಗೆ ಬಡಿಸಿಕೊಂಡರು. ಅಲ್ಪವಿರಾಮ ಹಾಗೇ ಉಳಿಯಿತು.

ಸಹಿ ಹಾಕದ ಪತ್ರವನ್ನು ಮಾವ ತಾವೇ ನಾಲ್ಕಾಗಿ ಹರಿದರು. ಅವರು ಕಾಗದ ಹರಿದದ್ದನ್ನು ಈ ಮನೆಯಲ್ಲಿ ಯಾರೂ ಕಂಡಿಲ್ಲವಂತೆ.

ಜೂನ್ 24, ಸೋಮವಾರ

ಎಂಟು ಹತ್ತಕ್ಕೆ ಆಸ್ಪತ್ರೆಯ ಗೇಟಿನಲ್ಲಿದ್ದೆ. ಹನ್ನೊಂದು ಜನರ ಕಿವಿ ನೋಡಿದೆ. ಒಬ್ಬ ತಾತ ಸದ್ದೇ ಇಲ್ಲದಾಗಲೂ ಬೆರಳೆತ್ತುತ್ತಿದ್ದರು, ನನ್ನನ್ನು ಸಂತೋಷಪಡಿಸಲಿಕ್ಕೆ. ಹಾಗೆಲ್ಲ ಎತ್ತಬಾರದು, ಕೇಳಿಸಿದರೆ ಮಾತ್ರ ಎತ್ತಿ ಎಂದು ಗದರಿಸಿದೆ.

ಕಾಲೇಜು ದಾರಿಯಲ್ಲೇ ಇರುವುದರಿಂದ ಬೆಳಗ್ಗೆ ಮೇಷ್ಟ್ರು ಜೊತೆಗೆ ಬಂದರು. ಓಡಿಸಿದ್ದು ನಾನು. ಅವರು ಎಡಗಡೆ, ತೊಡೆಯ ಮೇಲೆ ಬ್ಯಾಗು. ನಿನ್ನೆ ಇಡೀ ದಿನ ಮಾತಿಲ್ಲದೆ ಇದ್ದವರು ಇವತ್ತು ಸ್ವಲ್ಪ ಚೇತರಿಸಿಕೊಂಡಿದ್ದರು. ವೀಡಿಯೋ ತೋರಿಸುವುದಿಲ್ಲವಂತೆ. ಬದಲಿಗೆ ಕಿತ್ತುಹೋದ ಆ ಹಲ್ಲನ್ನು ಪುಟ್ಟ ಡಬ್ಬಿಯಲ್ಲಿ ಹಾಕಿಕೊಂಡು ಬಂದಿದ್ದರು, ತರಗತಿಯಲ್ಲಿ ತೋರಿಸಲು. ಯಾರ ತಪ್ಪೆಂದು ಹೇಳುತ್ತೀರಿ ಎಂದು ಕೇಳಿದೆ. ಅಂಗಡಿಯವನದ್ದು ಎಂದರು. ಸ್ವಲ್ಪ ದೂರ ಹೋದ ಮೇಲೆ, "ನೋಡೋಣ" ಎಂದರು. ಒಳ್ಳೆಯವರು. ಬಿಗಿ ಸ್ವಲ್ಪ ಜಾಸ್ತಿ, ಅಷ್ಟೇ.

ಏರು ಬಂತು. ಸೂಜಿ ನಡುವಿನಲ್ಲಿ ಅಲುಗಾಡದೆ ನಿಂತಿತ್ತು. ಎಂಜಿನ್ ಇದೆಯೋ ಇಲ್ಲವೋ ಎನ್ನುವಷ್ಟು ಮೌನ. ಅವರು ಏನೋ ಹೇಳಿದರು. ಗೇರು ಬದಲಾಯಿಸಬೇಕೆಂದೋ, ಈ ಸೂಜಿಗಳನ್ನು ನಂಬಬಾರದೆಂದೋ, ಏನೋ.

"ಏನಂದ್ರಿ?" ಎಂದೆ.

ಇನ್ನೊಮ್ಮೆ ಹೇಳಿದರು. ಆಗಲೂ ಸರಿಯಾಗಿ ಗೊತ್ತಾಗಲಿಲ್ಲ. ಮೂರನೆಯ ಸಲ ಅವರು ಹೇಳಲಿಲ್ಲ. ಕಿಟಕಿಯಿಂದ ಬೆಟ್ಟ ನೋಡುತ್ತಾ ಕುಳಿತರು. ದಾರಿ ಎಷ್ಟು ಚೆನ್ನಾಗಿತ್ತು!

ಶನಿವಾರದಿಂದ ನನ್ನ ಎಡಗಿವಿ ಒಂದಿಷ್ಟು ಮಂದವಾದ ಹಾಗಿದೆ. ಯಂತ್ರ ಹಾಕಿ ನೋಡಿಕೊಳ್ಳಬೇಕು. ಅವಸರವೇನಿಲ್ಲ.